ಚೀಟಿ ಮೇಲೆ ಅನುಮಾನ ಬಂದ್ರೆ ಡಾಕ್ಟರಿಗೆ ಫೋನ್ ಮಾಡೋದ್ಯಾರು?

ಬಿಪಿಗೆ ಚನ್ನಪಟ್ಟಣದ ಡಾಕ್ಟರು, ಮಂಡಿನೋವಿಗೆ ರಾಮನಗರದವರು. ಎರಡು ಚೀಟಿ, ಬ್ರಾಂಡ್ ಬೇರೆ, ಒಳಗಿನ ಔಷಧಿ ಒಂದೇ ಇದ್ದರೆ? ಎರಡನ್ನೂ ಒಟ್ಟಿಗೆ ನೋಡೋದು ಮೆಡಿಕಲ್ ಸ್ಟೋರಿನವರು ಮಾತ್ರ. ಅವರು ಡಾಕ್ಟರಿಗೆ ಫೋನ್ ಮಾಡ್ತಾರಾ? ಮಾಡಿದ್ರೆ ಡಾಕ್ಟರು ಕೇಳಿಸಿಕೊಳ್ತಾರಾ?

ಇಬ್ಬರ ಈ ಮನೋಭಾವ ಅಳೆಯಲು ಅಮೆರಿಕದ ಜೆಫರ್ಸನ್ ವಿಶ್ವವಿದ್ಯಾಲಯದ 16 ಅಂಶಗಳ ಪ್ರಶ್ನಾವಳಿಯಿದೆ. ನಮ್ಮಲ್ಲಿ ಕಾಯಿದೆಗೇನೂ ಬರವಿಲ್ಲ: 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಫಾರ್ಮಸಿಸ್ಟ್ ರೋಗಿಗೆ ತಿಳಿಹೇಳಬೇಕು, ಷೆಡ್ಯೂಲ್ ಎಚ್1 ಔಷಧಿ ಕೊಟ್ಟರೆ ಡಾಕ್ಟರ, ರೋಗಿಯ ಹೆಸರು ಬರೆದು 3 ವರ್ಷ ಇಡಬೇಕು. ಆದರೆ ರಿಜಿಸ್ಟರ್ ತುಂಬಿದ ಮಾತ್ರಕ್ಕೆ ಮಾತುಕತೆ ಆದಂತಲ್ಲ. ಅಂಗಡಿಯವರ ಕರೆಗೆಂದೇ ಕ್ಲಿನಿಕ್‌ಗಳು ದಿನಕ್ಕೆ ಹತ್ತು ನಿಮಿಷ ಗೊತ್ತುಮಾಡಿದರೂ ಕನಕಪುರ, ಮಾಗಡಿಯ ರೋಗಿಗಳಿಗೆ ಎಷ್ಟೋ ಅಲೆದಾಟ ತಪ್ಪೀತು.