ಪೊಲೀಸ್ ಆಗಲು ಹದಿನೈದು ವರ್ಷದ ಬಾಡಿಗೆ ಚೀಟಿ

ಬೆಂಗಳೂರಿನಿಂದ ಪುಣೆಗೆ ಬಂದಾಗ ನನ್ನ ಕಂಪನಿ ಕೇಳಿದ್ದು ಪ್ಯಾನ್ ಕಾರ್ಡು, ಹಳೇ ಕಂಪನಿಯ ರಿಲೀವಿಂಗ್ ಲೆಟರು, ಅಷ್ಟೆ. ಈ ರಾಜ್ಯದಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದು ಇವತ್ತಿನವರೆಗೂ ಯಾರೂ ಕೇಳಿಲ್ಲ. ಹಾಗಾಗಿ ದೇಶದಲ್ಲಿ ಎಲ್ಲಿ ಬೇಕಾದರೂ ದುಡಿಯಬಹುದು ಎಂದು ನಮ್ಮಂಥವರು ಆರಾಮಾಗಿ ಹೇಳುತ್ತೇವೆ. ನಮ್ಮ ಸೊಸೈಟಿಯ ವಾಚ್‌ಮನ್ ಮಗಳಿಗೆ ಇದನ್ನೇ ಹೇಳಿ ಪೆಚ್ಚಾದೆ.

ಅವರು ವಿಜಯಪುರ ಜಿಲ್ಲೆಯ ಒಂದು ತಾಂಡಾದವರು. ಬಂದು ಹನ್ನೊಂದು ವರ್ಷ. ಹುಡುಗಿ ಇಲ್ಲೇ ಮರಾಠಿ ಶಾಲೆಯಲ್ಲಿ ಓದಿ ಹನ್ನೆರಡನೇ ತರಗತಿ ಮುಗಿಸಿದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾಳೆ, ಕಾನ್‌ಸ್ಟೇಬಲ್ ಆಗಬೇಕಂತೆ. ಆದರೆ ಮಹಾರಾಷ್ಟ್ರದ ಪೊಲೀಸ್ ಭರ್ತಿಗೆ ಡೊಮಿಸೈಲ್ ಸರ್ಟಿಫಿಕೇಟ್ ಬೇಕು, ಅದಕ್ಕೆ 15 ವರ್ಷದ ವಾಸ ತೋರಿಸಬೇಕು. "ಸಾಹೇಬ್ರ, ಇನ್ನೂ ನಾಕು ವರ್ಷ ಹಿಂಗ ಓಡಿಕೋತ ಇರಬೇಕೇನ್ರಿ?" ಎಂದ ಅವಳಪ್ಪ. ನಾಲ್ಕೂ ಸಾಲದು. ಮೊದಲ ಎರಡು ವರ್ಷ ಅವರಿದ್ದದ್ದು ಕಟ್ಟಡದ ಸೈಟಿನ ತಗಡಿನ ಶೆಡ್ಡಿನಲ್ಲಿ. ಅದಕ್ಕೆ ಬಾಡಿಗೆ ಕರಾರು ಯಾರು ಬರೆದುಕೊಡುತ್ತಾರೆ?

ಪೊಲೀಸ್ ರಾಜ್ಯಪಟ್ಟಿಯ ವಿಷಯ, ಒಪ್ಪೋಣ. ಬೀಟ್ ಪೊಲೀಸರಿಗೆ ಊರಿನ ಭಾಷೆ, ಗಲ್ಲಿಗಳ ಗುರುತು ಇರಬೇಕು ಎಂಬುದೂ ಸರಿ. ಆದರೆ ಭಾಷೆ ಗೊತ್ತೇ ಎಂದು ತಿಳಿಯಲು ಲಿಖಿತ ಪರೀಕ್ಷೆಯೇ ಮರಾಠಿಯಲ್ಲಿದೆಯಲ್ಲ! ಅದರ ಮೇಲೆ ಈ 15 ವರ್ಷದ ಕಾಗದ ಏನನ್ನು ಅಳೆಯುತ್ತದೆ? ಸರ್ಕಾರಿ ನೌಕರಿಯಲ್ಲಿ ವಾಸಸ್ಥಳದ ಆಧಾರದ ಮೇಲೆ ಭೇದ ಕೂಡದೆಂದು ಸಂವಿಧಾನದ 16ನೇ ವಿಧಿ ಹೇಳುತ್ತದೆ. ವಾಸದ ಷರತ್ತು ಹಾಕುವ ಕಾನೂನು ಮಾಡುವ ಅಧಿಕಾರವನ್ನೂ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಇನ್ನೊಂದು ತಮಾಷೆ ನೋಡಿ. ಕರ್ನಾಟಕದ ಗಡಿಯ 865 ವಿವಾದಿತ ಹಳ್ಳಿಗಳ ಮರಾಠಿ ಭಾಷಿಕರು ಮಹಾರಾಷ್ಟ್ರದ ಸರ್ಕಾರಿ ನೌಕರಿಗೆ ಅರ್ಜಿ ಹಾಕಬಹುದು. ಅಂದರೆ ಈ ರಾಜ್ಯದಲ್ಲಿ ಒಂದು ರಾತ್ರಿಯೂ ಮಲಗದವರು ಸ್ಥಳೀಯರಾಗಬಹುದು, ಹನ್ನೊಂದು ವರ್ಷ ಇಲ್ಲಿನ ಗೇಟು ಕಾದವನ ಮಗಳು ಆಗುವಂತಿಲ್ಲ.

ಜಾತಿ ಪ್ರಮಾಣಪತ್ರದ ಕಥೆ ಇನ್ನೂ ಕೆಟ್ಟದ್ದು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ವಲಸೆ ಹೋದವರ ಮೀಸಲಾತಿ ಅವರ ಜೊತೆ ಹೊಸ ರಾಜ್ಯಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಬಡತನ ಮಾತ್ರ ಅದೇ ಬಸ್ಸಿನಲ್ಲಿ ಬರುತ್ತದೆ.

ಹಾಗಾದರೆ ಊರಿಗೇ ಹೋಗಿ ಅರ್ಜಿ ಹಾಕಲಿ ಎನ್ನುತ್ತೀರಿ. ಹಾಕಬಹುದು. ಆದರೆ ಕರ್ನಾಟಕದ ಗ್ರಾಮೀಣ ಮೀಸಲಾತಿಗೆ, ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿಯವರೆಗಿನ ಓದು ಲೆಕ್ಕಕ್ಕೆ ಬರುತ್ತದೆ. ಪುಣೆಯ ಮರಾಠಿ ಶಾಲೆ ಎರಡಕ್ಕೂ ಆಗದು. ಅಲ್ಲಿಗೂ ಅವಳು ಹೊರಗಿನವಳು.

ಇದನ್ನು ಬರೀ ಮರಾಠಿಗರ ಮೇಲೆ ಹಾಕಿ ಕೈತೊಳೆದುಕೊಳ್ಳಲು ನನಗೆ ನಾಚಿಕೆ. 2024ರ ಜುಲೈನಲ್ಲಿ ಕರ್ನಾಟಕ ಸಚಿವ ಸಂಪುಟ ಖಾಸಗಿ ಉದ್ಯೋಗದಲ್ಲೂ ಸ್ಥಳೀಯರಿಗೆ ಮೀಸಲಾತಿಯ ಮಸೂದೆ ಒಪ್ಪಿದಾಗ ನಮ್ಮ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮಸೂದೆ ಕೂಡಲೇ ತಡೆಹಿಡಿಯಲ್ಪಟ್ಟಿತು, ಆ ಮಾತು ಬೇರೆ. ಪರರಾಜ್ಯದಲ್ಲಿ ಕೂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ನಮ್ಮ ಮಕ್ಕಳು ಕಾನ್‌ಸ್ಟೇಬಲ್ ಆಗುವುದಿಲ್ಲ ಎಂಬ ಧೈರ್ಯ ನಮಗೆ.

ಕೊನೆಗೆ ಅವಳಿಗೆ ಉಳಿದದ್ದು ಎರಡು ದಾರಿ. ಒಂದು ದೆಹಲಿ ಪೊಲೀಸ್: ದೇಶದ ಯಾವ ಮೂಲೆಯವರಾದರೂ ಅರ್ಜಿ ಹಾಕಬಹುದು. ಇನ್ನೊಂದು ಸಿಆರ್‌ಪಿಎಫ್, ಸಿಐಎಸ್‌ಎಫ್‌ನಂಥ ಕೇಂದ್ರ ಪಡೆಗಳು. ಅಲ್ಲೂ ಹುದ್ದೆಗಳನ್ನು ರಾಜ್ಯವಾರು ಹಂಚುತ್ತಾರೆ, ಡೊಮಿಸೈಲ್ ಕೇಳುತ್ತಾರೆ. ಪುಣ್ಯಕ್ಕೆ ಅಪ್ಪನ ರೇಷನ್ ಕಾರ್ಡು, ವೋಟು ಇನ್ನೂ ತಾಂಡಾದಲ್ಲೇ ಇವೆ. 2024ರಿಂದ ಆ ಕಾನ್‌ಸ್ಟೇಬಲ್ ಪರೀಕ್ಷೆಯನ್ನು ಕನ್ನಡ, ಮರಾಠಿ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲೂ ಬರೆಯಬಹುದು. ಮುಂದಿನ ವಾರ ಅಪ್ಪ ಮಗಳು ತಹಶೀಲ್ದಾರ್ ಕಚೇರಿಗೆ ಹೊರಟಿದ್ದಾರೆ. ಕರ್ನಾಟಕದ ಪಾಲಿನಲ್ಲಿ ಅರ್ಜಿ ಹಾಕಿ ಪರೀಕ್ಷೆ ಮರಾಠಿಯಲ್ಲಿ ಬರೆಯುತ್ತಾಳಂತೆ.