ಗುಳಗಿ ನುಂಗಿದರೂ ಸಕ್ಕರಿ ಇಳಿಯವಲ್ದು

‘ಗುಳಗಿ ಚಾಲೂ ಮಾಡಿ ತಿಂಗಳಾಯ್ತು, ಸಕ್ಕರಿ ಇಳಿಯವಲ್ದು’ ಎಂದು ಯಾರಾದರೂ ಬಾಯಿಬಿಟ್ಟರೆ ಕಲಬುರಗಿಯಲ್ಲಿ ಬರುವ ಮರುಪ್ರಶ್ನೆ ಒಂದೇ: ‘ಏನ್ ತಿಂದ್ರಿ?’ ಮನೆಯವರೂ ಅದನ್ನೇ ಕೇಳುತ್ತಾರೆ, ಬೀಗರೂ ಅದನ್ನೇ. ಬಾಯಿ ಕಟ್ಟಲಿಲ್ಲ ಎಂಬ ತೀರ್ಪು ರಿಪೋರ್ಟಿಗಿಂತ ಮೊದಲೇ ಬಂದುಬಿಡುತ್ತದೆ. ಈ ಪ್ರಶ್ನೆ ಸಾಕು ಮಾಡಿ, ಬೇರೆ ನಾಲ್ಕು ಕೇಳಬೇಕೆಂಬುದು ನನ್ನ ತಕರಾರು.

ರಾತ್ರಿ ಒಂದೇ ರೊಟ್ಟಿ ತಿಂದು ಮಲಗಿದವರಿಗೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 170 ಬರುವುದುಂಟು. ಅದು ಬಾಯಿಯ ತಪ್ಪಲ್ಲ, ಲಿವರಿನ ಕೆಲಸ. ನಾವು ನಿದ್ದೆಯಲ್ಲಿದ್ದಾಗ ಅದು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ನಸುಕಿಗೆ ಏರುವ ಹಾರ್ಮೋನುಗಳು ಅದಕ್ಕೆ ಇನ್ನಷ್ಟು ಒತ್ತು ಕೊಡುತ್ತವೆ. ಬಹುತೇಕರಿಗೆ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಮುಖ್ಯವಾಗಿ ಹಿಡಿತಕ್ಕೆ ತರುವುದು ಈ ಲಿವರನ್ನೇ. ಹೊಟ್ಟೆ ಕೆಡಬಾರದೆಂದು ಅದನ್ನು 500 ಮಿ.ಗ್ರಾಂನಂಥ ಸಣ್ಣ ಪ್ರಮಾಣದಲ್ಲಿ, ಊಟದ ಜೊತೆ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ಪೂರ್ತಿ ಫಲ ಕಾಣಲು ವಾರಗಳೇ ಬೇಕು. ಹತ್ತು ದಿನಕ್ಕೆ ‘ಈ ಡಾಕ್ಟರ್ ಗುಳಗಿ ಹತ್ತಂಗಿಲ್ಲ’ ಎಂದು ಡಾಕ್ಟರನ್ನೇ ಬದಲಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಪ್ರಶ್ನಾತೀತವಲ್ಲ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಿರುವಾಗ ಹಿಮೋಗ್ಲೋಬಿನ್ ನೋಡದೆ ಆ ಅಂಕಿಯ ಮೇಲೆ ಹೆಣ್ಣುಮಕ್ಕಳನ್ನು ಬೈಯುವುದು ಎಷ್ಟು ಸರಿ?

ಇನ್ನು ತಪಾಸಣೆಯ ದಿನ. ಕಮಲಾಪುರದಿಂದ ನಸುಕಿನ ಬಸ್ಸು ಹಿಡಿದು ನಗರಕ್ಕೆ ಬಂದವರು ಸಾಲಿನಲ್ಲಿ ಕಾದು ಕಾದು, ತಲೆ ತಿರುಗಿದಾಗ ಅರ್ಧ ಕಪ್ ಚಹಾ ಕುಡಿಯುತ್ತಾರೆ. ‘ಬರೀ ಚಹಾ ರೀ, ಊಟ ಮಾಡಿಲ್ಲ’ ಎನ್ನುವುದು ಸುಳ್ಳೂ ಅಲ್ಲ. ಆದರೆ ಆ ಚಹಾದಲ್ಲಿ ಸಕ್ಕರೆಯೂ ಇತ್ತು, ಹಾಲೂ ಇತ್ತು. ‘ಖಾಲಿ ಹೊಟ್ಟಿಲೆ ಬಾ ಅಂದಾರ’ ಎಂದು ಕೆಲವರು ಹಿಂದಿನ ರಾತ್ರಿಯ ಗುಳಿಗೆಯನ್ನೂ ಬಿಟ್ಟಿರುತ್ತಾರೆ. ಕೇಳಿದವರಾರು?

ಕಮಲಾಪುರ ಎಂದಮೇಲೆ ಕೆಂಪು ಬಾಳೆಯ ಮಾತು ಬಿಡಲಾಗದು. ಭೌಗೋಳಿಕ ಸೂಚ್ಯಂಕ ಪಡೆದ ಆ ಹಣ್ಣಿಗೆ ಶುಗರ್ ಇದ್ದವರು ಹೆದರಿ ಕೈಮುಗಿಯುತ್ತಾರೆ, ಅದೇ ಹೊತ್ತಿಗೆ ಜೋಳದ ರೊಟ್ಟಿಯನ್ನು ಲೆಕ್ಕವಿಲ್ಲದೆ ಮುರಿಯುತ್ತಾರೆ. ಜೋಳ ಅನ್ನಕ್ಕಿಂತ ವಾಸಿ, ನಿಜ. ಆದರೆ ಹಿಟ್ಟಿನ ಬಹುಪಾಲು ಪಿಷ್ಟವೇ. ಐದು ರೊಟ್ಟಿಯ ಮೇಲೆ ಅನ್ನ-ಸಾರೂ ಬಿದ್ದರೆ ಪುಂಡಿಪಲ್ಯ ಒಂದೇ ಎಷ್ಟೆಂದು ತಡೆದೀತು? ಎರಡು ರೊಟ್ಟಿ ಇಳಿಸಿ, ಪಲ್ಯ-ಬೇಳೆ ಏರಿಸಿದವರಿಗೆ ಒಮ್ಮೊಮ್ಮೆ ಅರ್ಧ ಹಣ್ಣಿನ ಜಾಗ ಸಿಗುತ್ತದೆ.

ಎಲ್ಲಕ್ಕಿಂತ ಕಡಿಮೆ ಕೇಳುವ ಪ್ರಶ್ನೆ ಇಂಜೆಕ್ಷನ್ನಿನದು. ಮೊಣಕಾಲು ನೋವು, ದಮ್ಮು ಎಂದು ಹೋದಾಗ ಕೊಡುವ ಸ್ಟಿರಾಯ್ಡ್ ಹಲವು ದಿನಗಳವರೆಗೆ ಸಕ್ಕರೆ ಏರಿಸಿಡಬಲ್ಲದು. ಜ್ವರ, ಕಾಲಿನ ಹುಣ್ಣು, ಹಲ್ಲಿನ ಕೀವು, ನಿದ್ದೆಗೆಟ್ಟ ರಾತ್ರಿಗಳೂ ಹಾಗೆಯೇ. ಕಾಲುನೋವಿಗೆ ಸೂಜಿ ಹಾಕಿದವರಿಗೆ ಶುಗರ್ ಇರುವುದು ಗೊತ್ತಿಲ್ಲ, ಶುಗರ್ ನೋಡುವವರಿಗೆ ಸೂಜಿಯ ಸುದ್ದಿ ಗೊತ್ತಿಲ್ಲ. ಇಬ್ಬರ ಚೀಟಿಯೂ ಒಂದೇ ಚೀಲದಲ್ಲಿರುತ್ತದೆ, ಮಡಿಕೆ ಬಿಚ್ಚಿರುವುದಿಲ್ಲ. ಆ ಚೀಲವನ್ನು ಪೂರ್ತಿ ಟೇಬಲ್ಲಿನ ಮೇಲೆ ಸುರಿಯಿರಿ ಎಂದೇ ನಾನು ಹೇಳುವುದು.

ಇದಕ್ಕೆ ಉಲ್ಟಾ, ಸಕ್ಕರೆ ತೀರಾ ಇಳಿಯುವುದೂ ಇದೆ. ತೊಗರಿ ರಾಶಿಯ ಕಾಲದಲ್ಲಿ ದಿನವಿಡೀ ಹೊಲದಲ್ಲಿ ದುಡಿಯುವ ಮೈ ಸಕ್ಕರೆಯನ್ನು ಹೆಚ್ಚು ಬಳಸುತ್ತದೆ, ಊಟದ ಹೊತ್ತೂ ಜಾರುತ್ತದೆ. ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗಿ ಉಣ್ಣದೆ ಹೋದವರಿಗೆ ಬೆವರು, ಕೈನಡುಕ, ಕಣ್ಣು ಮಂಜು ಬರಬಹುದು. ಆಗ ಎಚ್ಚರವಿದ್ದವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು, ಕಾಲು ಗಂಟೆ ಬಿಟ್ಟು ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ರಾಶಿ ಶುರುವಾಗುವ ಮುಂಚೆಯೇ ಡಾಕ್ಟರಿಗೆ ಕೆಲಸದ ವೇಳೆ ಹೇಳಿ ಡೋಸ್ ಕೇಳಿಕೊಂಡರೆ ಒಳ್ಳೆಯದು. ಬುತ್ತಿಯ ಗಂಟಿನಲ್ಲಿ ಒಂದು ಸಕ್ಕರೆ ಪೊಟ್ಟಣವೂ ಇರಲಿ. ಶುಗರ್ ಇದ್ದವರ ಹತ್ತಿರ ಸಕ್ಕರೆ ಯಾಕೆಂದು ನಗುವವರು ನಗಲಿ.