ಹೋಟೆಲಿನಲ್ಲಿ ಎಣಿಸಿದ ಬಹುಮತ

ಬೆಳ್ಳಿತೆರೆಯಲ್ಲಿ ರಾಮನಾಗಿ, ಕೃಷ್ಣನಾಗಿ ಪೂಜೆಗೊಂಡ ಎನ್.ಟಿ. ರಾಮರಾವ್ 1982ರ ಮಾರ್ಚ್ 29ರಂದು ಹೈದರಾಬಾದಿನಲ್ಲಿ ತೆಲುಗು ದೇಶಂ ಪಕ್ಷ ಕಟ್ಟಿದರು. ಮರುವರ್ಷದ ಜನವರಿಯಲ್ಲೇ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ಆ ಕುರ್ಚಿಯಿಂದ ಎರಡು ಸಲ ಅವರನ್ನು ಇಳಿಸಲಾಯಿತು, ಎರಡೂ ಸಲ ಆಗಸ್ಟ್ ತಿಂಗಳಲ್ಲಿ. 1984ರದು ಅನ್ಯಾಯವೆಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. 1995ರದು ಮಾತ್ರ ಇಂದಿಗೂ ಮುಗಿಯದ ಜಗಳ. ಅಳಿಯ ಚಂದ್ರಬಾಬು ನಾಯ್ಡು ಬೆನ್ನಿಗೆ ಚೂರಿ ಹಾಕಿದರು ಎಂದು ಕೆಲವರು, ಮುಳುಗುತ್ತಿದ್ದ ಪಕ್ಷವನ್ನು ಉಳಿಸಿದರು ಎಂದು ಉಳಿದವರು. ಇದನ್ನು ಮನೆಯ ಜಗಳವಾಗಿ ನೋಡುವುದೇ ತಪ್ಪು. ಅಂದು ಮೋಸ ಹೋದವನು ಮಾವನಿಗಿಂತ ಹೆಚ್ಚಾಗಿ ಮತದಾರ.

1984ರಲ್ಲಿ, ಹೃದಯ ಶಸ್ತ್ರಚಿಕಿತ್ಸೆ ಮುಗಿಸಿ ಅಮೆರಿಕದಿಂದ ಆಗಷ್ಟೇ ಮರಳಿದ್ದ ಎನ್‌ಟಿಆರ್ ಅವರನ್ನು ರಾಜ್ಯಪಾಲ ರಾಮಲಾಲ್ ವಜಾ ಮಾಡಿ ಎನ್. ಭಾಸ್ಕರ ರಾವ್ ಅವರಿಗೆ ಪ್ರಮಾಣವಚನ ಬೋಧಿಸಿದರು. ಸದನವನ್ನು ಕೇಳಲೇ ಇಲ್ಲ. ಆಗ ತೆಲುಗು ದೇಶಂ ಶಾಸಕರಿಗೆ ಆಸರೆ ಕೊಟ್ಟದ್ದು ರಾಮಕೃಷ್ಣ ಹೆಗಡೆಯವರ ಕರ್ನಾಟಕ; ನಂದಿಬೆಟ್ಟದಲ್ಲಿ ಅವರನ್ನು ಕಾಪಾಡಿಕೊಂಡದ್ದನ್ನು ನಾವು ಪ್ರಜಾಪ್ರಭುತ್ವದ ರಕ್ಷಣೆ ಎಂದೆವು. ಒಂದು ತಿಂಗಳಲ್ಲಿ ಎನ್‌ಟಿಆರ್ ಗದ್ದುಗೆಗೆ ಮರಳಿದರು. ಮುಂದೆ ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನೂ ಹೀಗೆಯೇ ವಜಾ ಮಾಡಿದಾಗ, ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲೇ ಎಂದು 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಾಗಿ ಒಂದೂವರೆ ವರ್ಷವೂ ಕಳೆದಿರಲಿಲ್ಲ, ಹೈದರಾಬಾದಿನ ವೈಸ್‌ರಾಯ್ ಹೋಟೆಲಿನಲ್ಲಿ ನಾಯ್ಡು ಪರ ಶಾಸಕರ ತಲೆ ಎಣಿಕೆ ನಡೆಯಿತು. ವಿಧಾನಸಭೆ ವಿಸರ್ಜಿಸಿ ಜನರ ಬಳಿಗೆ ಹೋಗೋಣ ಎಂಬ ಎನ್‌ಟಿಆರ್ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಸೆಪ್ಟೆಂಬರ್ 1ರಂದು ನಾಯ್ಡು ಪ್ರಮಾಣವಚನ ಸ್ವೀಕರಿಸಿದರು, ವಿಶ್ವಾಸಮತ ಆಮೇಲಿನದು.

ನಾಯಕನನ್ನು ಆರಿಸುವುದು ಶಾಸಕರ ಹಕ್ಕಲ್ಲವೇ ಎಂದು ಕೇಳುವವರಿದ್ದಾರೆ. ಹಕ್ಕು ಹೌದು. ಆದರೆ 1994ರಲ್ಲಿ 294 ಸ್ಥಾನಗಳ ಪೈಕಿ 216 ಗೆದ್ದದ್ದು ಎನ್‌ಟಿಆರ್ ಮುಖ ನೋಡಿ ಬಿದ್ದ ಮತದಿಂದ. ಆ ಮತವನ್ನು ಬೇರೆಯವರಿಗೆ ದಾಟಿಸುವವರು ಕದ ಮುಚ್ಚಿದ ಕೋಣೆ ಬಿಟ್ಟು ಸದನದಲ್ಲಿ ಎದ್ದುನಿಂತು ಕಾರಣ ಹೇಳಬೇಕಿತ್ತು. ಎನ್‌ಟಿಆರ್ ಕೂಡ ರಾಜೀನಾಮೆ ಕೊಡದೆ ಸದನದಲ್ಲೇ ಅವರನ್ನು ಎದುರಿಸಬೇಕಿತ್ತು. ಅದು ಅವರ ತಪ್ಪು. ಅವರು ಸರ್ವಾಧಿಕಾರಿಯಂತೆ ನಡೆದುಕೊಂಡರು, ಪತ್ನಿ ಲಕ್ಷ್ಮೀಪಾರ್ವತಿ ಆಡಳಿತದಲ್ಲಿ ಕೈಹಾಕಿದರು ಎಂಬ ದೂರಿನಲ್ಲೂ ಹುರುಳಿದೆ. 1989ರಲ್ಲಿ ಇಡೀ ಸಂಪುಟವನ್ನೇ ಒಂದೇ ಏಟಿಗೆ ಕೈಬಿಟ್ಟವರು ಅವರು. ಆದರೆ ಅದಕ್ಕೆ ಶಿಕ್ಷೆ ಕೊಟ್ಟವರು ಯಾರು? ಅದೇ ವರ್ಷ ಜನ ಅವರ ಪಕ್ಷವನ್ನು ಸೋಲಿಸಿದರು. ಕಲ್ವಕುರ್ತಿಯ ಮತದಾರರಂತೂ ಸ್ವತಃ ಎನ್‌ಟಿಆರ್ ಅವರನ್ನೇ ಮನೆಗೆ ಕಳಿಸಿದರು. ತೆರೆಯ ದೇವರನ್ನು ಇಳಿಸುವುದು ಆ ಜನಕ್ಕೆ ಗೊತ್ತಿತ್ತು, ಅದಕ್ಕೆ ಹೋಟೆಲ್ ಬೇಕಿರಲಿಲ್ಲ. 1999ರಲ್ಲಿ ಮತದಾರರೇ ನಾಯ್ಡು ಅವರನ್ನು ಗೆಲ್ಲಿಸಲಿಲ್ಲವೇ ಎಂಬ ವಾದವೂ ಇದೆ. ನಾಲ್ಕು ವರ್ಷದ ಬಳಿಕ ಬಂದ ಒಪ್ಪಿಗೆ ಹಿಂದಿನ ದಾರಿಯನ್ನು ಸರಿಮಾಡುವುದಿಲ್ಲ.

ಕನ್ನಡಿಗರಿಗೆ ಇದು ಪಕ್ಕದ ಮನೆಯ ಹಳೆಯ ಕತೆಯಲ್ಲ. 2018ರ ಮೇ ತಿಂಗಳಲ್ಲಿ ನಮ್ಮ ಶಾಸಕರನ್ನೇ ಬಸ್ಸಿನಲ್ಲಿ ಹೈದರಾಬಾದಿಗೆ ಸಾಗಿಸಿದ್ದನ್ನು ಕಂಡಿದ್ದೇವೆ. ಆಪತ್ಕಾಲಕ್ಕೆಂದು ನಂದಿಬೆಟ್ಟದಲ್ಲಿ ಹಿಡಿದ ದಾರಿ ಎರಡೂ ರಾಜ್ಯಗಳಿಗೆ ರೂಢಿಯಾಯಿತು, ಮತ ಹಾಕಿದವರು ಹೊರಗೇ ನಿಂತರು. 1995ರ ಆ ಆಗಸ್ಟ್ ಸರಿಯೋ ತಪ್ಪೋ ಎಂದು ಆಂಧ್ರದ ಮತದಾರರು ಒಂದೇ ಒಂದು ಮತ ಹಾಕುವ ಮೊದಲೇ, 1996ರ ಜನವರಿ 18ರಂದು, ಎನ್‌ಟಿಆರ್ ತೀರಿಕೊಂಡರು.